ಸಿನಿಮಾ ಮುಗಿದ ಮೇಲೆ ಮನೆಯಲ್ಲಿ ಜಗಳ ಆಗಬೇಕು

ನಮಸ್ಕಾರ. ಮೈಸೂರಿನಿಂದ ಮತ್ತೆ ನಾನು. ಮನೆಯಲ್ಲೇ ಕೂತು ನೋಡುವಂಥ, ಸ್ವಲ್ಪ ತಲೆಗೆ ಕೆಲಸ ಕೊಡುವ ಸಿನಿಮಾ ಯಾವುದಿದೆ ಹೇಳಿ ಅಂತ ನಿಮ್ಮಲ್ಲಿ ತುಂಬಾ ಜನ ಕೇಳುತ್ತಲೇ ಇದ್ದೀರಿ. ಇವತ್ತು ಅದೇ ವಿಷಯ.

ಮೊದಲೇ ಹೇಳಿಬಿಡುತ್ತೇನೆ. ಕಾಲ ಹಿಂದೆ ಮುಂದೆ ಓಡುವ, ಕನಸಿನೊಳಗೆ ಇನ್ನೊಂದು ಕನಸು ಇರುವ ಸಿನಿಮಾಗಳನ್ನು ಇವತ್ತು ನಾನು ಮುಟ್ಟುವುದಿಲ್ಲ. ಅವೂ ಚೆನ್ನಾಗಿರುತ್ತವೆ, ಇಲ್ಲ ಅನ್ನಲ್ಲ. ಆದರೆ ಅವು ಒಗಟು. ಉತ್ತರ ಗೊತ್ತಾಯಿತೋ, ಮುಗೀತು. ಸಂದೇಶ ಕೊಡುವ ಸಿನಿಮಾಗಳೂ ಬೇಡ. ಕೊನೇ ಹತ್ತು ನಿಮಿಷ ಹೀರೋ ಕೋರ್ಟಿನಲ್ಲೋ ಸ್ಟೇಜಿನ ಮೇಲೋ ನಿಂತು ನಮಗೆ ಬುದ್ಧಿ ಹೇಳುತ್ತಾನಲ್ಲ, ಅಂಥವು. ನಾವು ತಲೆ ಆಡಿಸಿ, ಟೀವಿ ಆರಿಸಿ ಮಲಗುತ್ತೇವೆ.

ನನ್ನ ಪರೀಕ್ಷೆ ಬೇರೆ. ಸಿನಿಮಾ ಮುಗಿದ ತಕ್ಷಣ ಮನೆಯವರನ್ನು ಕೇಳಿ: ತಪ್ಪು ಯಾರದ್ದು? ಎಲ್ಲರೂ ಒಂದೇ ಹೆಸರು ಹೇಳಿದರೆ ಆ ಸಿನಿಮಾ ಫೇಲು. ಅಪ್ಪ ಒಂದು, ಅಮ್ಮ ಒಂದು, ತಂಗಿ ಇನ್ನೊಂದು ಹೇಳಿ ಮಾತಿಗೆ ಮಾತು ಬೆಳೆದರೆ ಪಾಸು. ನಮ್ಮ ಮನೆಯಲ್ಲಿ ಇದಕ್ಕೆ ಜನ ಬೇಕಾದಷ್ಟಿದ್ದಾರೆ. ಅಪ್ಪ, ಅಮ್ಮ, ಕಾನೂನು ಓದುತ್ತಿರುವ ತಂಗಿ, ಭಾನುವಾರ ಮಂಡ್ಯದಿಂದ ಬರುವ ಚಿಕ್ಕಪ್ಪ. ಎಲ್ಲರಿಗಿಂತ ಮೇಲೆ ಅಜ್ಜಿ. ಈಗ ತೆರೆಯ ಮೇಲೆ ಕಾಣುತ್ತಿದ್ದಾರಲ್ಲ, ದಿವಾನದ ಮೇಲೆ ಕಾಲು ಮಡಿಸಿ ಕೂತಿರುವವರು, ಅವರೇ. ಕ್ಯಾಮೆರಾ ಕಂಡರೆ ಸೆರಗು ಸರಿ ಮಾಡಿಕೊಳ್ಳುತ್ತಾರೆ, ಬೈಯುವುದು ಮಾತ್ರ ನಿಲ್ಲಿಸಲ್ಲ.

ಅಜ್ಜಿಯಿಂದಲೇ ಶುರು ಮಾಡೋಣ. ಅಂದರೆ 'ತಿಥಿ'ಯಿಂದ.

ರಾಮ್ ರೆಡ್ಡಿ ನಿರ್ದೇಶನದ ಈ ಸಿನಿಮಾ 2016ರಲ್ಲಿ ನಮ್ಮಲ್ಲಿ ತೆರೆ ಕಂಡಿತು. ಅದಕ್ಕೆ ಮುಂಚೆಯೇ, 2015ರಲ್ಲಿ, ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತ್ತು. ಚಿತ್ರೀಕರಣ ನಡೆದದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಹಳ್ಳಿಯಲ್ಲಿ. ಚಿತ್ರಕತೆ ಬರೆದವರಲ್ಲಿ ಒಬ್ಬರಾದ ಈರೇಗೌಡರು ಅದೇ ಊರಿನವರು. ಪಾತ್ರ ಮಾಡಿದವರು ಸಿನಿಮಾ ನಟರಲ್ಲ, ಸುತ್ತಮುತ್ತಲ ಹಳ್ಳಿ ಜನ. ಕತೆ ಇಷ್ಟೇ: ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದೂ ಒಂದೇ, ಇದ್ದದ್ದೂ ಒಂದೇ. ಬೀಡಿ ಸೇದಿಕೊಂಡು, ಜೇಬಿನಲ್ಲಿ ಬ್ರಾಂದಿ ಇಟ್ಟುಕೊಂಡು ಹೊಲ ಸುತ್ತುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ತಾತನ ಜಮೀನು ಮಾರಬೇಕು. ಆದರೆ ನಡುವೆ ಗಡ್ಡಪ್ಪ ಬದುಕಿದ್ದಾನಲ್ಲ! ಬದುಕಿರುವ ಅಪ್ಪನಿಗೇ ಮರಣ ಪತ್ರ ಮಾಡಿಸಲು ಓಡಾಡುತ್ತಾನೆ ಮಹಾರಾಯ. ಅದಕ್ಕೆ ಲಂಚ, ಲಂಚಕ್ಕೆ ಸಾಲ, ಸಾಲಕ್ಕೆ ಬಡ್ಡಿ.

ಹೊರಗಿನವರು ಇದನ್ನು ಹಾಸ್ಯ ಅಂತ ನೋಡುತ್ತಾರೆ. ನಮ್ಮ ಮನೆಯಲ್ಲೂ ನಕ್ಕರು. ಮೊದಲ ಅರ್ಧ ಗಂಟೆ ಅಜ್ಜಿ ಸಿನಿಮಾ ನೋಡಲೇ ಇಲ್ಲ, ಅದರ ಜೊತೆ ಮಾತಾಡಿದರು. "ಏನ್ಲಾ ಮಗಾ ಇದು, ನಮ್ಮೂರ್ನಾಗೇ ಯಾರೋ ಕ್ಯಾಮೆರಾ ಮಡಗ್ಬುಟ್ಟವ್ರೆ!" ಆಮೇಲೆ ಸುಮ್ಮನಾದರು. ಮುಗಿದ ಮೇಲೆ ನಾವೆಲ್ಲ ಗಡ್ಡಪ್ಪನ ಕಡೆ. ಎಂಥ ಆರಾಮದ ಮನುಷ್ಯ, ಆಸ್ತಿ ಬೇಡ, ಪಾಸ್ತಿ ಬೇಡ ಅಂತ. ಅಜ್ಜಿ ಒಬ್ಬರೇ ತಮ್ಮಣ್ಣನ ಕಡೆ. "ಅವ್ನೇನ್ ಮಾಡ್ತಾನ್ಲಾ ಪಾಪ? ಅಪ್ಪ ಅನ್ನಿಸ್ಕೊಂಡೋನು ಯಾವ್ದೂ ಬ್ಯಾಡ ಅಂತ ಊರೂರು ತಿರುಗುದ್ರೆ, ಎಂಡ್ರು ಮಕ್ಳಿಗೆ ಇಟ್ಟು ಹಾಕೋರ್ಯಾರು?"

ಅಪ್ಪ ಇದಕ್ಕೆ ಏನೋ ಹೇಳಲು ಹೋದರು. ಆಗ ಚಿಕ್ಕಪ್ಪ ಮೆಲ್ಲಗೆ, ನಮ್ಮ ತಾತನ ಜಮೀನಿನ ಪೌತಿ ಖಾತೆ ಇನ್ನೂ ಆಗಿಲ್ಲ ಅನ್ನೋದನ್ನು ನೆನಪಿಸಿದರು. ಅಲ್ಲಿಂದ ಮುಂದೆ ನಡೆದದ್ದನ್ನು ನಾನು ರೆಕಾರ್ಡ್ ಮಾಡಲಿಲ್ಲ. ಹಳ್ಳಿಯಲ್ಲಿ ಒಂದಿಷ್ಟು ಜಮೀನಿದ್ದು, ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇರುವವರ ಮನೆಯಲ್ಲಿ ಈ ಸಿನಿಮಾ ಹಾಕುವಾಗ ಸ್ವಲ್ಪ ನೋಡಿಕೊಂಡು ಹಾಕಿ. ಇನ್ನೊಂದು ವಿಷಯ. ಬೆಂಕಿ ಮುಂದೆ ಕೂತು ಗಡ್ಡಪ್ಪ ತನ್ನ ಕತೆ ಹೇಳುವ ದೃಶ್ಯ ಒಂದಿದೆ. ಅದು ಬರುವಾಗ ಯಾರೂ ನೀರು ಕುಡಿಯೋಕೆ ಅಂತ ಎದ್ದು ಹೋಗಬೇಡಿ. ಅಲ್ಲಿಯವರೆಗೆ ಗಡ್ಡಪ್ಪ ಆರಾಮದ ಮನುಷ್ಯ ಅಂದುಕೊಂಡಿರುತ್ತೀರಿ.

ಮುಂದಿನದು ಇರಾನಿನದು. 'ಎ ಸೆಪರೇಷನ್', 2011, ನಿರ್ದೇಶಕ ಅಸ್ಗರ್ ಫರ್ಹಾದಿ. ವಿದೇಶಿ ಭಾಷೆಯ ವಿಭಾಗದಲ್ಲಿ ಆಸ್ಕರ್ ಬಂದಿದೆ. ಆಸ್ಕರ್ ಅಂದ ಕೂಡಲೇ ಹೆದರಬೇಡಿ. ಇದು ಪಕ್ಕಾ ಮನೆ ಕತೆ. ಗಂಡ ಹೆಂಡತಿ ತೆಹ್ರಾನಿನ ನ್ಯಾಯಾಧೀಶರ ಮುಂದೆ ಕೂತಿದ್ದಾರೆ. ಮಗಳ ಭವಿಷ್ಯಕ್ಕಾಗಿ ದೇಶ ಬಿಡೋಣ ಅಂತ ಅವಳು. ಮರೆವಿನ ಕಾಯಿಲೆ ಇರುವ ಅಪ್ಪನನ್ನು ಬಿಟ್ಟು ಹೇಗೆ ಬರಲಿ ಅಂತ ಅವನು. ನ್ಯಾಯಾಧೀಶ ಇರುವ ಜಾಗದಲ್ಲಿ ಕ್ಯಾಮೆರಾ ಇದೆ. ಅಂದರೆ ಇಬ್ಬರೂ ನಮ್ಮನ್ನೇ ನೋಡಿ ವಾದ ಮಾಡುತ್ತಾರೆ. ತೀರ್ಪು ನೀವೇ ಕೊಡಿ ಅಂತ ಮೊದಲ ದೃಶ್ಯದಲ್ಲೇ ನಮ್ಮ ಕೊರಳಿಗೆ ಕಟ್ಟಿಬಿಡುತ್ತಾನೆ ನಿರ್ದೇಶಕ.

ಹೆಂಡತಿ ತವರಿಗೆ ಹೋಗುತ್ತಾಳೆ. ಅಪ್ಪನನ್ನು ನೋಡಿಕೊಳ್ಳಲು ಗಂಡ ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ. ಬಡವಳು, ತುಂಬಾ ದೇವರು ದಿಂಡರು ಅನ್ನುವವಳು, ಜೊತೆಗೆ ಬಸುರಿ. ಮೊದಲ ದಿನವೇ ಆ ಮುದುಕರು ಬಟ್ಟೆ ಒದ್ದೆ ಮಾಡಿಕೊಳ್ಳುತ್ತಾರೆ. ಪರಗಂಡಸಿನ ಬಟ್ಟೆ ಬದಲಿಸಿದರೆ ಪಾಪ ಬರುತ್ತಾ? ಧರ್ಮದ ವಿಷಯ ತಿಳಿದವರಿಗೆ ಫೋನ್ ಮಾಡಿ ಕೇಳುತ್ತಾಳೆ ಅವಳು. ಪಕ್ಕದಲ್ಲಿ ಅವಳ ಪುಟ್ಟ ಮಗಳು, ಅಪ್ಪನಿಗೆ ಹೇಳಲ್ಲಮ್ಮ ಅನ್ನುತ್ತಾಳೆ. ಇಷ್ಟು ಸಣ್ಣ ದೃಶ್ಯ. ನಮ್ಮಮ್ಮ ಅಲ್ಲೇ ಕಣ್ಣೊರೆಸಿಕೊಂಡರು. ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಒಂದು ಜಗಳ, ಒಂದು ತಳ್ಳು, ಒಂದು ಅನಾಹುತ, ಕೋರ್ಟು. ಒಬ್ಬರಾದ ಮೇಲೆ ಒಬ್ಬರು ಸಣ್ಣ ಸಣ್ಣ ಸುಳ್ಳು ಹೇಳುತ್ತಾರೆ. ಪ್ರತಿಯೊಂದಕ್ಕೂ ಕಾರಣ ಇದೆ. ನಾವೂ ಅಲ್ಲಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆವು. ಕಾನೂನು ಓದುವ ತಂಗಿ ಪೇಪರ್ ತಂದು ಯಾರ ಮೇಲೆ ಯಾವ ಕೇಸು ನಿಲ್ಲುತ್ತದೆ ಅಂತ ಬರೆಯಲು ಕೂತಳು. ಅರ್ಧಕ್ಕೆ ಬಿಟ್ಟಳು. ಈ ಪಟ್ಟಿಯಲ್ಲಿ ಒಂದೇ ಒಂದು ನೋಡುತ್ತೇನೆ ಅನ್ನುವವರು ಇದನ್ನೇ ನೋಡಿ. ಸಬ್‌ಟೈಟಲ್ ಓದಲು ಆಗದ ಹಿರಿಯರಿದ್ದರೆ ಒಬ್ಬರು ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಬೇಕು. ನಾನು ಅಜ್ಜಿಗೆ ಹೇಳಿದೆ. ಬಾಯಿ ಒಣಗಿತು, ಆದರೆ ಅಜ್ಜಿ ಒಂದು ಸಲವೂ ಆಕಳಿಸಲಿಲ್ಲ.

ಅಪ್ಪನಂಥವರಿಗೆ, ಅಂದರೆ ಸುದ್ದಿ ಚಾನೆಲ್ ನೋಡುತ್ತಾ ಅರ್ಧ ನಿಮಿಷದಲ್ಲಿ ತೀರ್ಪು ಕೊಡುವವರಿಗೆ, 'ಟ್ವೆಲ್ವ್ ಆಂಗ್ರಿ ಮೆನ್'. 1957ರ ಕಪ್ಪು ಬಿಳುಪು, ಸಿಡ್ನಿ ಲ್ಯೂಮೆಟ್ ನಿರ್ದೇಶನ, ಒಂದೂವರೆ ಗಂಟೆ ಸ್ವಲ್ಪ ಮೇಲೆ, ಹೆಚ್ಚೂಕಮ್ಮಿ ಪೂರ್ತಿ ಒಂದೇ ರೂಮಿನಲ್ಲಿ. ಅಪ್ಪನನ್ನು ಕೊಂದ ಆರೋಪ ಹೊತ್ತ ಹದಿನೆಂಟರ ಹುಡುಗ. ಹನ್ನೆರಡು ಜನ ಜ್ಯೂರಿ, ಅಂದರೆ ಅವನು ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸಲು ಕೂತ ಸಾಮಾನ್ಯ ಜನ. ಹನ್ನೊಂದು ಜನ ತಪ್ಪಿತಸ್ಥ ಅನ್ನುತ್ತಾರೆ, ಒಬ್ಬ ಮಾತ್ರ, ಸ್ವಲ್ಪ ಮಾತಾಡೋಣ ತಡೀರಿ ಅನ್ನುತ್ತಾನೆ. ನಮ್ಮಲ್ಲಿ ಈಗ ಜ್ಯೂರಿ ಪದ್ಧತಿ ಇಲ್ಲ, ಹಾಗಾಗಿ ಶುರುವಿಗೆ ಮುಂಚೆ ಎರಡು ಮಾತಿನಲ್ಲಿ ಹೇಳಿಬಿಡಿ. ನೋಡುವಾಗ ಒಂದನ್ನು ಗಮನಿಸಿ. ಸಿನಿಮಾ ಸಾಗಿದ ಹಾಗೆ ಆ ರೂಮು ಇಕ್ಕಟ್ಟಾದ ಹಾಗೆ ಅನ್ನಿಸುತ್ತದೆ. ಅದು ನಿಮ್ಮ ಭ್ರಮೆ ಅಲ್ಲ. ಲ್ಯೂಮೆಟ್ ಬೇಕಂತಲೇ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಂದ ಶುರು ಮಾಡಿ ಕೆಳಗಿಳಿಸುತ್ತಾ ಹೋದ, ಲೆನ್ಸ್ ಕೂಡ ಬದಲಿಸುತ್ತಾ ಹೋದ. ಕೊನೆ ಕೊನೆಗೆ ಚಾವಣಿಯೂ ಕಾಣಿಸಿ ತಲೆ ಮೇಲೆ ಕೂತ ಹಾಗೆ ಆಗುತ್ತದೆ. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಬಾಸು ಚಟರ್ಜಿ ಹಿಂದಿಯಲ್ಲಿ ಮಾಡಿದ 'ಏಕ್ ರುಕಾ ಹುವಾ ಫೈಸ್ಲಾ' ಇದೆ. ಅಪ್ಪ ಪೂರ್ತಿ ನೋಡಿ, "ಆದ್ರೂ ಆ ಹುಡುಗನೇ ಮಾಡಿರಬಹುದು" ಅಂದರು. ಹೌದು, ಇರಬಹುದು! ಸಿನಿಮಾ ಅದನ್ನು ಇಲ್ಲ ಅಂತ ಎಲ್ಲೂ ಹೇಳಲ್ಲ.

ಈಗ 'ದ್ವೀಪ'. ಇದು ಮೈಸೂರು ಮಂಡ್ಯದವರು ನೋಡಲೇಬೇಕಾದದ್ದು, ಕಾರಣ ಹೇಳುತ್ತೇನೆ. ಗಿರೀಶ್ ಕಾಸರವಳ್ಳಿ ನಿರ್ದೇಶನ, ನಾ. ಡಿಸೋಜರ ಕತೆ. ಸೌಂದರ್ಯ ನಟಿಸಿ, ತಾವೇ ನಿರ್ಮಾಣವನ್ನೂ ಮಾಡಿದರು. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು. ಅಣೆಕಟ್ಟೆ ಕಟ್ಟಿದ್ದಾರೆ, ಮಳೆ ಹಿಡಿದಿದೆ, ನೀರು ಏರುತ್ತಿದೆ. ಊರವರೆಲ್ಲ ಪರಿಹಾರ ತಗೊಂಡು ಗುಡ್ಡ ಇಳಿದು ಹೋಗುತ್ತಿದ್ದಾರೆ. ಒಂದು ಕುಟುಂಬ ಮಾತ್ರ ಉಳಿಯುತ್ತದೆ.

ನಾವು ಕನ್ನಂಬಾಡಿ ಕಟ್ಟೆಯ ನೀರು ಕುಡಿದು ಬೆಳೆದವರು. ಮಂಡ್ಯ ಕಡೆ ದೇವರ ಫೋಟೋ ಪಕ್ಕದಲ್ಲೇ ವಿಶ್ವೇಶ್ವರಯ್ಯನವರ ಫೋಟೋ ಇಟ್ಟ ಮನೆಗಳಿವೆ. ಕೆಆರ್‌ಎಸ್ ಕೆಲಸ ಶುರುವಾದದ್ದು 1911ರಲ್ಲಿ. ಆ ನೀರಿನಲ್ಲಿ ಕನ್ನಂಬಾಡಿ ಅನ್ನುವ ಊರೇ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರು ಕಡಿಮೆಯಾದ ವರ್ಷ ಮೇಲೆ ಕಾಣುತ್ತಿತ್ತು. ಈಗ ಅದನ್ನು ಕಲ್ಲು ಕಲ್ಲು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ಇದು ನೀವು ಈಗ ನೋಡುತ್ತಿರುವುದು, ನಾವು ಹಿನ್ನೀರಿಗೆ ಹೋದಾಗ ತೆಗೆದದ್ದು. ದೇವಸ್ಥಾನ ಜಾಗ ಬದಲಿಸಿತು ಸರಿ. ಮುಳುಗಿದ ಊರಿನ ಜನ ಎಲ್ಲೆಲ್ಲಿ ಹೋದರು, ಹೇಗೆ ಬದುಕಿದರು, ನಾವು ಯಾರಾದರೂ ಕೇಳಿದ್ದೇವಾ? 'ದ್ವೀಪ' ಶರಾವತಿ ಕಡೆಯ ಸಿನಿಮಾ, ಆದರೆ ನೋಡುತ್ತಾ ನೋಡುತ್ತಾ ಈ ಪ್ರಶ್ನೆ ನಮ್ಮ ಕಾಲುವೆಗೇ ಬಂದು ನಿಲ್ಲುತ್ತದೆ. ಚಿಕ್ಕಪ್ಪನಿಗೆ ಸಿಟ್ಟು ಬಂತು. "ಕಟ್ಟೆ ಇಲ್ದಿದ್ರೆ ಕಬ್ಬು ಎಲ್ಲಿಂದ ಬರ್ತಿತ್ತು, ನಿಮ್ಮಪ್ಪ ಎಲ್ಲಿ ಓದ್ತಿದ್ದ?" ಅಂದರು. ಕಟ್ಟೆ ಬೇಡ ಅಂತ ಯಾರಂದ್ರು ಚಿಕ್ಕಪ್ಪ ಅಂತ ತಂಗಿ. ಆ ವಾದ ಊಟದ ಹೊತ್ತಿಗೂ ಮುಗಿಯಲಿಲ್ಲ. ಅದರ ನಡುವೆ ಸಿನಿಮಾದ ಇನ್ನೊಂದು ಮುಖ್ಯ ವಿಷಯ ಗಂಡಸರ ಗಮನಕ್ಕೇ ಬರಲಿಲ್ಲ. ನೀರು ಏರುವಾಗ ಆ ಮನೆಯನ್ನು ಹಗಲೂ ರಾತ್ರಿ ಕಾದವಳು ನಾಗಿ, ಅಂದರೆ ಸೌಂದರ್ಯ ಮಾಡಿದ ಪಾತ್ರ. ಅದರ ಶ್ರೇಯಸ್ಸು ಯಾರಿಗೆ ಹೋಗುತ್ತದೆ ಅಂತ ಕೊನೆಯಲ್ಲಿ ನೋಡಿ. ಅಮ್ಮ ನೋಡಿದರು. ಚಿಕ್ಕಪ್ಪ ಅಣೆಕಟ್ಟೆಯಲ್ಲೇ ಇದ್ದರು.

ಅಮ್ಮನ ಮಾತು ಬಂತಲ್ಲ. 2021ರ ಮಲಯಾಳಂ ಸಿನಿಮಾ 'ದಿ ಗ್ರೇಟ್ ಇಂಡಿಯನ್ ಕಿಚನ್' ನೀವು ಈಗಾಗಲೇ ನೋಡಿರುತ್ತೀರಿ, ಕತೆ ಹೇಳಲ್ಲ. ಸಿಂಕಿನ ಕೆಳಗೆ ಸೋರುವ ಪೈಪು, ಪ್ಲಂಬರ್ ಕರೀರಿ ಅಂತ ಅವಳು ಹೇಳುವುದು, ಅವನು ಮರೆಯುವುದು, ಮತ್ತೆ ಹೇಳುವುದು. ನನಗೆ ಅದು ಬಹಳ ದೊಡ್ಡ ಸಿನಿಮಾ. ಅಮ್ಮ ಅರ್ಧಕ್ಕೆ ಎದ್ದರು. "ಈಗ ತಾನೇ ಪಾತ್ರೆ ತೊಳ್ದು ಬಂದು ಕೂತಿದ್ದೀನಿ. ಮತ್ತೆ ಅದನ್ನೇ ತೋರಿಸ್ತೀಯಲ್ಲ, ನೋಡ್ಬೇಕಾಗಿರೋರು ಅಲ್ಲಿದ್ದಾರೆ, ಅವ್ರಿಗೆ ಹಾಕು" ಅಂತ ಅಪ್ಪನ ಕಡೆ ಕೈ ತೋರಿಸಿ ಮಲಗಲು ಹೋದರು. ಸಿನಿಮಾ ಯಾರಿಗಾಗಿ ಮಾಡಿದ್ದು ಅನ್ನೋ ವಿಮರ್ಶೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ ಅಂತ ನನ್ನ ಅಭಿಪ್ರಾಯ.

ಸಮಯ ಇದ್ದರೆ 'ಗುಲಾಬಿ ಟಾಕೀಸ್' ಕೂಡ ಸೇರಿಸಿಕೊಳ್ಳಿ. 2008ರದ್ದು, ಇದೂ ಕಾಸರವಳ್ಳಿ ಅವರದ್ದೇ, ವೈದೇಹಿ ಅವರ ಕತೆ, ಉಮಾಶ್ರೀಗೆ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟದ್ದು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಟೀವಿ, ಡಿಶ್ ಬರುತ್ತದೆ. ಕೇರಿಯ ಹೆಂಗಸರೆಲ್ಲ ಬಂದು ಕೂರುತ್ತಾರೆ. ಆಮೇಲೆ ಊರಿನ ಗಾಳಿ ಕೆಡುತ್ತದೆ. ಮನೆಯಲ್ಲಿ ಕೂತು ಸಿನಿಮಾ ನೋಡುವುದರ ಬಗ್ಗೆಯೇ ಇರುವ ಸಿನಿಮಾ, ಅದನ್ನು ಮನೆಯಲ್ಲೇ ನೋಡಬೇಕು, ಅಲ್ವಾ?

ಯಾವುದು ಯಾವ ಓಟಿಟಿಯಲ್ಲಿದೆ ಅಂತ ನಾನು ಹೇಳಲ್ಲ. ಇವತ್ತು ಇದ್ದದ್ದು ಮುಂದಿನ ತಿಂಗಳು ಇರಲ್ಲ. ಹೆಸರು ಹಾಕಿ ಹುಡುಕಿ. ಹಳೇ ಕನ್ನಡ ಸಿನಿಮಾಗಳ ಮಸುಕು ಮಸುಕು ಕಾಪಿ ಸಿಕ್ಕರೆ ಒಳ್ಳೆಯದು ಸಿಗುವವರೆಗೆ ಕಾಯಿರಿ. ಕಾಸರವಳ್ಳಿ ಅವರ ಹಳೇ ಸಿನಿಮಾ 'ಘಟಶ್ರಾದ್ಧ'ವನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ, ಆ ಪ್ರತಿ ನಮ್ಮ ಕೈಗೆ ಬರಲಿ ಅಂತ ನಾನೂ ಕಾಯುತ್ತಿದ್ದೇನೆ. ರಾತ್ರಿ ಊಟ ಆದ ಮೇಲೆ ಶುರು ಮಾಡಬೇಡಿ, ವಾದಕ್ಕೆ ಸಮಯ ಉಳಿಯಲ್ಲ. ಸಂಜೆ ಕಾಫಿ ಕುಡಿದು ಐದಕ್ಕೆ ಕೂತರೆ ಸರಿ. ಫೋನುಗಳು ಬೇರೆ ರೂಮಿನಲ್ಲಿ.

ಈ ಪಟ್ಟಿಯನ್ನು ಅಜ್ಜಿಗೆ ಓದಿ ಹೇಳಿದೆ. ಅವರ ತಕರಾರು ಒಂದೇ. "ರಾಜ್‌ಕುಮಾರ್‌ದು ಒಂದೂ ಇಲ್ವಲ್ಲಾ?" ಅದು ಬೇರೆ ಥರದ ಪಟ್ಟಿ ಅಜ್ಜಿ ಅಂದೆ. 'ಬಂಗಾರದ ಮನುಷ್ಯ' ಹಾಕು ಅಂದರು. 1972ರ ಸಿನಿಮಾ, ಅದನ್ನು ನೋಡಿ ಎಷ್ಟೋ ಜನ ಪಟ್ಟಣ ಬಿಟ್ಟು ಹೊಲಕ್ಕೆ ವಾಪಸ್ ಹೋದರು ಅಂತ ಇವತ್ತಿಗೂ ಹೇಳುತ್ತಾರೆ. ಎಲ್ಲರಿಗೂ ಬಾಯಿಪಾಠ ಆಗಿರೋದರಲ್ಲಿ ಯೋಚನೆ ಮಾಡೋದೇನಿದೆ ಅಂತ ಕೇಳಿದೆ. ಅಜ್ಜಿ ಹೇಳಿದ್ದು: "ಅಕ್ಕನ ಮಗ ಒಂದ್ ಮಾತು ಅಂದ ಅಂತ ಎಲ್ಲಾರ್ನೂವೆ ಬುಟ್ಟು ಒಂಟೋದ್ನಲ್ಲ ರಾಜೀವಪ್ಪ, ಅದು ಸರಿನಾ? ಉಳ್ದೋರ್ ಗತಿ ಏನು?"

ಅಪ್ಪ ಆಗಲೇ, ಹೋಗಿದ್ದೇ ಸರಿ ಅಂತ ಶುರು ಮಾಡಿದ್ದಾರೆ. ಅಮ್ಮ, ತಪ್ಪು ಅಂತ. ನಿಮ್ಮ ಮನೆಯಲ್ಲಿ ಯಾರು ಯಾವ ಕಡೆ, ಬರೆದು ತಿಳಿಸಿ. ಮುಂದಿನ ವಿಡಿಯೋ ಅದರ ಮೇಲೆಯೇ.