ಒಂದೇ ಸಾಲು, ಮತ್ತೆ ಮತ್ತೆ: ಕೈರೋದಲ್ಲಿ ಉಮ್ ಕುಲ್ಸುಮ್ ಜಾಡು ಹಿಡಿದು

ಈಗ ನೋಡುತ್ತಿದ್ದೀರಲ್ಲ, ಇದು ನೈಲ್ ನದಿ. ನಾನಿರುವುದು ಕೈರೋದ ರೋಡಾ ದ್ವೀಪದ ತುದಿಯಲ್ಲಿ. ಪಕ್ಕದಲ್ಲೇ ಹಿಂದಿನ ಕಾಲದಲ್ಲಿ ನದಿಯ ನೀರಿನ ಮಟ್ಟ ಅಳೆಯುತ್ತಿದ್ದ ಕಟ್ಟಡ ಇದೆ. ಅದನ್ನೂ ನೋಡಿದೆ. ಆದರೆ ನಾನು ಇಷ್ಟು ದೂರ ಬಂದಿದ್ದು ಅದೇ ಆವರಣದಲ್ಲಿರುವ ಚಿಕ್ಕ ಮ್ಯೂಸಿಯಂಗೆ. ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮ್ ಅವರ ಮ್ಯೂಸಿಯಂ.

ಶಾರ್ಜಾದಲ್ಲಿ ಕೆಲಸಕ್ಕಿದ್ದಾಗ ನನ್ನ ರೂಮ್‌ಮೇಟ್ ಈಜಿಪ್ಟಿನವನು. ರಜೆಯ ದಿನ ಮೊಬೈಲಿನಲ್ಲಿ ಇವರ ಹಾಡು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದ. ಐದು ಅಂಗಿ ಮುಗಿದರೂ ಹಾಡು ಮುಗಿಯುತ್ತಿರಲಿಲ್ಲ! ಒಂದು ಸಾಲು ಬಂದಾಗ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, ಕಣ್ಣು ಮುಚ್ಚಿ, ನಿಧಾನಕ್ಕೆ ‘ಅಲ್ಲಾಹ್’ ಅನ್ನುತ್ತಿದ್ದ. ನಮ್ಮ ಸಂಗೀತ ಕಚೇರಿಗಳಲ್ಲಿ ಹಿರಿಯರು ‘ಆಹಾ’ ಅನ್ನುತ್ತಾರಲ್ವಾ, ಥೇಟ್ ಹಾಗೆ. ನನಗೆ ಭಾಷೆ ಗೊತ್ತಿರಲಿಲ್ಲ. ಆ ‘ಅಲ್ಲಾಹ್’ ಮಾತ್ರ ಗೊತ್ತಾಗುತ್ತಿತ್ತು.

ಉಮ್ ಕುಲ್ಸುಮ್ ಹುಟ್ಟಿದ್ದು ನೈಲ್ ಮುಖಜ ಭೂಮಿಯ ಒಂದು ಬಡ ಹಳ್ಳಿಯಲ್ಲಿ. ಅಪ್ಪ ಮಸೀದಿಯ ಇಮಾಮ್. ಮದುವೆ ಮನೆಗಳಲ್ಲಿ ದೇವರ ಹಾಡು ಹಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಅವರು ಪಾಠ ಹೇಳುತ್ತಿದ್ದದ್ದು ಮಗನಿಗೆ. ಮಗಳು ಕೇಳಿಸಿಕೊಂಡೇ ಕಲಿತಳು. ಗಂಟಲು ಎಂಥದ್ದು ಅಂತ ಗೊತ್ತಾದ ಮೇಲೆ ಅಪ್ಪ ಅವಳನ್ನೂ ಕರೆದುಕೊಂಡು ಹೊರಟರು. ಆದರೆ ಹುಡುಗಿ ಎಲ್ಲರೆದುರು ಹಾಡಿದರೆ ಜನ ಏನಂದಾರು? ಅದಕ್ಕೆ ಹುಡುಗನ ನಿಲುವಂಗಿ, ತಲೆಗೆ ವಸ್ತ್ರ. ಆ ವೇಷದಲ್ಲೇ ಊರೂರು ತಿರುಗಿದರು. ಚಿಕ್ಕಂದಿನಲ್ಲಿ ಕುರಾನ್ ಓದಿ ತಿದ್ದಿದ ನಾಲಗೆ ಅದು. ಕೊನೆಯವರೆಗೂ ಒಂದಕ್ಷರ ಮಸುಕಾಗಲಿಲ್ಲ.

1920ರ ದಶಕದ ಮೊದಲಲ್ಲಿ ಕುಟುಂಬ ಕೈರೋಗೆ ಬಂತು. ಕವಿ ಅಹ್ಮದ್ ರಾಮಿ ಸಿಕ್ಕರು, ನೂರಕ್ಕೂ ಜಾಸ್ತಿ ಹಾಡು ಬರೆದುಕೊಟ್ಟರು. 1934ರಲ್ಲಿ ಈಜಿಪ್ಟ್ ರೇಡಿಯೋ ಶುರುವಾಯಿತು. ಆಮೇಲೆ ಹಲವು ದಶಕ, ಕಚೇರಿಯ ಕಾಲ ಬಂತೆಂದರೆ ತಿಂಗಳ ಮೊದಲ ಗುರುವಾರ ರಾತ್ರಿ ಅವರ ಹಾಡು ಕೇಳಲು ಅರಬ್ ದೇಶಗಳೆಲ್ಲ ರೇಡಿಯೋ ಮುಂದೆ. ಮಾರನೇ ದಿನ ಶುಕ್ರವಾರ, ರಜೆ. ಎಷ್ಟು ಹೊತ್ತಾದರೂ ಚಿಂತೆ ಇಲ್ಲ.

ಒಂದು ಹಾಡು ಒಂದು ಗಂಟೆ ಹೇಗೆ ಬೆಳೆಯುತ್ತದೆ? ನಮ್ಮ ಕರ್ನಾಟಕ ಸಂಗೀತದಲ್ಲಿ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್ ಕೇಳಿದವರಿಗೆ ಬೇಗ ಅರ್ಥವಾಗುತ್ತದೆ. ಒಂದು ಸಾಲು ಹಾಡುತ್ತಾರೆ. ಜನ ‘ಇನ್ನೊಂದು ಸಲ’ ಎಂದು ಕೂಗುತ್ತಾರೆ. ಅದೇ ಸಾಲು ಮತ್ತೆ ಬರುತ್ತದೆ, ಆದರೆ ಬೇರೆಯಾಗಿ. ಒಂದು ಪದದ ಮೇಲೆ ನಿಲ್ಲುತ್ತಾರೆ, ದನಿ ಇಳಿಸುತ್ತಾರೆ, ಥಟ್ಟನೆ ಎತ್ತುತ್ತಾರೆ. ಹೀಗೆ ಕೇಳುವವರಿಗೂ ಹಾಡುವವರಿಗೂ ಸೇರಿ ಏರುವ ಅಮಲಿಗೆ ಅರಬ್ಬಿಯಲ್ಲಿ ‘ತರಬ್’ ಅನ್ನುತ್ತಾರೆ. ನನ್ನ ಪ್ರಕಾರ ಅವರ ಅರ್ಧ ಹಾಡು ಕಟ್ಟಿದ್ದು ಎದುರು ಕೂತವರು. ಅದಕ್ಕೇ ನಾನು ಸ್ಟುಡಿಯೋ ರೆಕಾರ್ಡಿಂಗ್ ಬಿಟ್ಟು ಕಚೇರಿಯದ್ದನ್ನೇ ಹುಡುಕಿ ಕೇಳುತ್ತೇನೆ.

1964ರಲ್ಲಿ ‘ಇಂತಾ ಉಮ್ರಿ’ ಬಂತು. ‘ನೀನೇ ನನ್ನ ಬದುಕು’ ಅಂತ ಅರ್ಥ. ಸಂಗೀತ ಮೊಹಮ್ಮದ್ ಅಬ್ದುಲ್ ವಹಾಬ್. ಅಷ್ಟು ವರ್ಷ ಇಬ್ಬರೂ ಎದುರಾಳಿಗಳಂತೆ ಇದ್ದವರು. ಅರಬ್ ವಾದ್ಯಗಳ ಮಧ್ಯೆ ಎಲೆಕ್ಟ್ರಿಕ್ ಗಿಟಾರ್! ಶುರುವಿನ ವಾದ್ಯಸಂಗೀತವನ್ನು ಒಮ್ಮೆ ಕೇಳಿ, ಸಾಕು. 1967ರಲ್ಲಿ ಇಸ್ರೇಲ್ ಜೊತೆಗಿನ ಯುದ್ಧದಲ್ಲಿ ಈಜಿಪ್ಟ್ ಸೋತ ಮೇಲೆ ಪ್ಯಾರಿಸ್‌ನ ಒಲಿಂಪಿಯಾ ಸಭಾಂಗಣದಲ್ಲಿ ಹಾಡಿ, ಬಂದ ಹಣವನ್ನು ದೇಶಕ್ಕೆ ಕೊಟ್ಟರು.

ಮ್ಯೂಸಿಯಂ ಒಳಗೆ ಗಾಜಿನ ಹಿಂದೆ ಅವರ ಕಪ್ಪು ಕನ್ನಡಕ ಇದೆ. ಥೈರಾಯ್ಡ್ ತೊಂದರೆ ಕಣ್ಣಿಗೂ ತಟ್ಟಿತ್ತು. ನಾನು ಜಾಸ್ತಿ ಹೊತ್ತು ನಿಂತಿದ್ದು ಅವರ ಕರವಸ್ತ್ರಗಳ ಬಗ್ಗೆ ಯೋಚಿಸುತ್ತಾ. ಹಾಡುವಾಗ ಕೈಯಲ್ಲಿ ಒಂದು ಇರಲೇಬೇಕಿತ್ತು. ಅಷ್ಟು ದೊಡ್ಡ ಕಲಾವಿದೆ, ಮುಷ್ಟಿಯಲ್ಲಿ ಒಂದು ತುಂಡು ಬಟ್ಟೆ.

1975ರ ಫೆಬ್ರವರಿ 3ರಂದು ತೀರಿಕೊಂಡರು. ಲಕ್ಷಾಂತರ ಜನ ಬೀದಿಗಿಳಿದರು. ಶವಪೆಟ್ಟಿಗೆಯನ್ನು ಹೊತ್ತವರ ಹೆಗಲಿಂದ ಜನರೇ ಎತ್ತಿಕೊಂಡರು. ಗೊತ್ತುಮಾಡಿದ ದಾರಿ ಬಿಟ್ಟು, ಕೈಯಿಂದ ಕೈಗೆ ದಾಟಿಸುತ್ತಾ ಅಲ್ ಹುಸೇನ್ ಮಸೀದಿಗೆ ಒಯ್ದರು.

ನಾನೀಗ ಅಲ್ಲಿಗೇ ಹೊರಟಿದ್ದೇನೆ. ಟ್ಯಾಕ್ಸಿ ಬಂತು. ಒಳಗೆ ರೇಡಿಯೋ ಹಾಡುತ್ತಿದೆ, ಸ್ವಲ್ಪ ಕೇಳಿ.