ವಾರ ದಾಟಿತಂದ್ರ ಟೆಸ್ಟ್ ಮಾಡ್ಕೋರಿ

ಎಲ್ಲಾರಿಗೂ ನಮಸ್ಕಾರ್ರಿ. ಹೊಲದಾಗ ಕಸಾ ತಗಿಯಾಕ ಹೋದವ್ರು, ಮನ್ಯಾಗ ರೊಟ್ಟಿ ಬಡಿಯಾಕತ್ತವ್ರು, ಫೋನಿನ್ಯಾಗ ರೇಡಿಯೋ ಹಚ್ಚಿಕೊಂಡು ಕುಂತ ನಮ್ಮ ಆಶಾ ಅಕ್ಕಾರು, ಎಲ್ಲಾರೂ ಸ್ವಲ್ಪ ಇತ್ಲಾಗ ಲಕ್ಷ್ಯ ಕೊಡ್ರಿ. ಮಂದಿ ಮುಂದ ಈ ಮಾತು ಕೇಳಾಕ ನಾಚಿಕಿ ಅನ್ನಿಸಿದ್ರ ಆವಾಜ್ ಕಡಿಮಿ ಮಾಡ್ಕೋರಿ, ಆದ್ರ ಬಂದ್ ಮಾಡಬ್ಯಾಡ್ರಿ.

ಇವತ್ತ ನಾ ಹೇಳೂದು ಒಂದೇ ಮಾತು. ಮುಟ್ಟಿನ ತಾರೀಖು ದಾಟಿ ಒಂದು ವಾರ ಆತಂದ್ರ ಬಸರು ಐತೋ ಇಲ್ಲೋ ಅಂತ ಮೂತ್ರದ ಟೆಸ್ಟ್ ಮಾಡ್ಕೋರಿ. ಇನ್ನೊಂದು ತಿಂಗಳ ನೋಡೂಣು, ಜಾತ್ರಿ ಮುಗೀಲಿ, ಕಬ್ಬು ಕಡದು ಆಗ್ಲಿ, ಇದ್ಯಾವ್ದೂ ಬ್ಯಾಡ.

ಯಾಕಿಷ್ಟು ಅವಸರಾ ಅಂತೀರಿ? ಕೂಸಿನ ಮಿದುಳು, ಬೆನ್ನುಹುರಿ ಆಗೂ ಒಂದು ನಳಿಗಿ ಇರ್ತೈತಿ, ಅದು ಗರ್ಭ ಕಟ್ಟಿದ 28 ದಿನದಾಗ ಮುಚ್ಚಿಕೊಂತೈತಿ. ಲೆಕ್ಕಾ ಹಾಕಿ ನೋಡ್ರಿ, ಮುಟ್ಟು ತಪ್ಪಿ ಎರಡು ವಾರ ಆಗೂದ್ರಾಗ ಆ ಕೆಲಸಾ ಮುಗದೇ ಹೋಗಿರ್ತೈತಿ. ಆ ಹೊತ್ತಿನ್ಯಾಗ ತಾಯಿ ಮೈಯಾಗ ಫೋಲಿಕ್ ಆಸಿಡ್ ಇರಬೇಕು, ದಿನಕ್ಕ 400 ಮೈಕ್ರೋಗ್ರಾಂ, ಸಣ್ಣ ಗುಳಿಗಿ. ಕೂಸು ಬೇಕಂತ ಮನಸ್ಸು ಮಾಡಿದವ್ರು ಮುಟ್ಟು ತಪ್ಪೂಕಿಂತ ಮೊದಲೇ ಚಾಲೂ ಮಾಡಿದ್ರ ಇನ್ನೂ ಚಲೋ. ಮೂರು ತಿಂಗಳ ಮುಚ್ಚಿಟ್ಟು ಆಮ್ಯಾಲ ನುಂಗಿದ್ರ ಆ ನಳಿಗಿಗೆ ಏನೂ ಉಪಯೋಗಿಲ್ಲ.

ವಾಂತಿ ಆಗ್ಲಿ ಆಮ್ಯಾಲ ನೋಡೂಣು ಅಂತ ಕುಂದ್ರಬ್ಯಾಡ್ರಿ, ಎಷ್ಟೋ ಮಂದಿಗೆ ವಾಂತಿನೇ ಆಗಂಗಿಲ್ಲ. ಎದಿ ಬಿಗದು ಮುಟ್ಟಿದ್ರ ನೋಯತೈತಿ, ಮಲಗಿ ಎದ್ರೂ ಸಾಕಾಗೇತಿ ಅನಸ್ತೈತಿ, ಮ್ಯಾಲಿಂದ ಮ್ಯಾಲ ಮೂತ್ರಕ್ಕ ಹೋಗಬೇಕಾಗ್ತೈತಿ, ದಿನಾ ಇದ್ದ ವಾಸನಿನೇ ಸೇರಂಗಿಲ್ಲ. ಕೆಲವ್ರಿಗೆ ಮುಟ್ಟಿನ ಹೊತ್ತಿಗೇ ಒಂದೆರಡು ಹನಿ ರಕ್ತ ಕಾಣ್ತೈತಿ, ಮುಟ್ಟು ಬಂತಂತ ಸುಮ್ಮನಾಗಿಬಿಡ್ತಾರ.

ಮುಧೋಳ ಕಡೆಯಿಂದ ಒಬ್ಬಾಕಿ ಹುಡುಗಿ ಬಂದಿದ್ಲು ನನ್ನ ಹತ್ರ, ಅತ್ತಿ ಕರ್ಕೊಂಡು ಬಂದಿದ್ಲು, ಬಗಲಾಗ ಒಂಬತ್ತು ತಿಂಗಳ ಕೂಸು, ಇನ್ನೂ ಹಾಲು ಕುಡಸ್ತಿದ್ಲು. ಬಂದಾಕಿನೇ ಗೋಡಿಗೆ ಆನಿಕೊಂಡು ಕುಂತ್ಲು, ಮಾತಾಡಾಕೂ ಶಕ್ತಿ ಇರಲಿಲ್ಲ. ಹೊಟ್ಟಿ ತೊಳಸ್ತೈತಿ ಅಂದಾಗ ಗಂಡ ಮೆಡಿಕಲ್ ಅಂಗಡ್ಯಾಗಿಂದ ಗ್ಯಾಸಿನ ಗುಳಿಗಿ ತಂದು ಕೊಟ್ಟಾನ, ಕಡಿಮಿ ಆಗಿಲ್ಲಂತ ಊರಾಗ ಯಾರೋ ಎರಡು ಸಲಾಯಿನ್ ಹಚ್ಚ್ಯಾರ, ಒಬ್ರು ದೃಷ್ಟಿ ಅಂದ್ರು ಅಂತ ಅದನ್ನೂ ತಗಸ್ಯಾರ. ಕಡೀಕ ಅತ್ತಿ ನನಗ ಹೇಳಿದ್ಲು, "ಬಾಯಾರ, ಇಕಿ ರೊಟ್ಟಿ ಬಡಿಯಾಕ ಎಂದೂ ಬ್ಯಾಸರ ಮಾಡಿದಾಕಿ ಅಲ್ರಿ, ಈಗ ಹಂಚಿನ ಮ್ಯಾಲ ರೊಟ್ಟಿ ಉಬ್ಬಿ ಉಗಿ ಬಂತಂದ್ರ ಸೆರಗು ಮೂಗಿಗೆ ಹಿಡ್ಕೊಂಡು ಹಿತ್ತಲಕ್ಕ ಓಡ್ತಾಳ, ಮೊದಲನೇದ್ರಾಗೂ ಹಿಂಗೇ ಮಾಡಿದ್ಲು." ಮುಟ್ಟು ಯಾವಾಗ ಆಗಿದ್ದು ಅಂತ ಕೇಳಿದೆ. "ಹಡದ ಮ್ಯಾಲ ಆಗೇ ಇಲ್ರಿ, ಹಾಲು ಕುಡಸ್ತೀನಿ, ಹೆಂಗ ಬಸರಾಕ್ಕೀನ್ರಿ" ಅಂತಂದ್ಲು ಹುಡುಗಿ. ಟೆಸ್ಟ್ ಮಾಡಿಸಿದೆ, ಎರಡೂ ಗೆರಿ ಕೆಂಪಗ. ಸ್ಕ್ಯಾನಿಂಗ್ ನೋಡಿದ್ರ ಆಗ್ಲೇ ಮೂರುವರಿ ತಿಂಗಳ, ರಕ್ತದಾಗ ಹಿಮೋಗ್ಲೋಬಿನ್ ಬರೇ ಏಳು ಗ್ರಾಂ, ಭಾಳ ಕಡಿಮಿ.

ಹಾಲು ಕುಡಸೂ ತಾಯಂದಿರು ಇದನ್ನ ಲಕ್ಷ್ಯ ಇಟ್ಟು ಕೇಳ್ರಿ. ತತ್ತಿ ಬಿಡುಗಡಿ ಆಗೂದು ಮೊದಲ, ಮುಟ್ಟು ಬರೂದು ಆಮ್ಯಾಲ, ಅದಕ್ಕ ಮುಟ್ಟು ಕಾಣದೇನೂ ಬಸರಾಗಬಹುದು. ನಿಮಗ ವಾರದ ಲೆಕ್ಕಾ ಇಲ್ಲ, ಅನುಮಾನ ಬಂದ ದಿನಾನೇ ಟೆಸ್ಟ್. ಮತ್ತ ಹೆಣ್ಣಮಗಳು ಹೊಟ್ಟಿ ತೊಳಸ್ತೈತಿ ಅಂದ್ರ ಮೊದಲ ಕೇಳಬೇಕಾದ್ದು ಮುಟ್ಟಿನ ತಾರೀಖು, ಸಲಾಯಿನ್ ಅಲ್ಲ. ಅತ್ತಿ ಕಣ್ಣಿಗೆ ಕಂಡಿದ್ದು ಸಲಾಯಿನ್ ಹಚ್ಚಿದವ್ರಿಗೆ ಕಾಣಲಿಲ್ಲಲ್ರಿ, ಇದು ನನಗ ಭಾಳ ಸಿಟ್ಟು ತರಿಸೂ ಮಾತು.

ಟೈಮ್ ಆಗಾಕತ್ತೇತಿ, ಉಳದದ್ದು ಲಗೂನ ಹೇಳ್ತೀನಿ. ನಿಶ್ಚಯ್ ಅನ್ನೂ ಕಿಟ್ ಆಶಾ ಹತ್ರ ಫ್ರೀ ಸಿಗತೈತಿ, ಕೇಳಿ ಇಸ್ಕೋರಿ. ಮುಂಜಾನೆ ಎದ್ದ ಕೂಡ್ಲೇ ಮೊದಲನೇ ಮೂತ್ರ, ಒಣ ಡಬ್ಬಿ, ಎರಡು ಮೂರು ಹನಿ ಹಾಕಿ ಐದು ನಿಮಿಷ ಕಾಯ್ರಿ. ಎರಡು ಗೆರಿ ಅಂದ್ರ ಬಸರು, ಎರಡನೇದು ಮಬ್ಬಿದ್ರೂ ಬಸರೇ ಅಂತ ತಿಳ್ಕೊಂಡು ದವಾಖಾನಿಗೆ ಹೋಗ್ರಿ. ಒಂದೇ ಗೆರಿ ಬಂದು ಮುಟ್ಟೂ ಬರಲಿಲ್ಲಂದ್ರ ಮತ್ತೊಂದು ವಾರ ಬಿಟ್ಟು ಮತ್ತ ಮಾಡ್ರಿ. ಹೌದಂತ ಗೊತ್ತಾತಂದ್ರ 12 ವಾರದೊಳಗ ಹೆಸರು ಬರಿಸಿ ತಾಯಿ ಕಾರ್ಡ್ ಮಾಡಿಸ್ಕೋರಿ, ಕಬ್ಬು ಕಡಿಯಾಕ ಬ್ಯಾರೆ ಊರಿಗೆ ಹೊಂಟ್ರೂ ಆ ಕಾರ್ಡ್ ಚೀಲದಾಗ ಇರಲಿ. ಕೂಸು ಈಗ ಬ್ಯಾಡ ಅನ್ನೂವ್ರು ಅಂಗಡ್ಯಾಗಿನ ಗುಳಿಗಿ ನೀವ ನುಂಗಬ್ಯಾಡ್ರಿ, ಡಾಕ್ಟರ್ ಹತ್ರ ಬರ್ರಿ, ಅದಕ್ಕೂ ಲಗೂನ ಗೊತ್ತಾದಷ್ಟು ಚಲೋ.

ಒಂದು ಉಳೀತು. ಮುಟ್ಟು ತಪ್ಪೈತಿ, ಕೆಳಹೊಟ್ಟಿ ಒಂದು ಬಾಜು ಜೋರು ನೋವು, ಕಣ್ಣಿಗೆ ಕತ್ತಲಿ ಬರತೈತಿ, ರಕ್ತ ಹೋಗಾಕತ್ತೇತಿ ಅಂದ್ರ ಗರ್ಭ ಗರ್ಭಕೋಶದಾಗ ನಿಲ್ಲದ ಅದರ ಬಾಜುಕಿನ ನಳಿಗ್ಯಾಗ ನಿಂತಿರಬಹುದು, ಅದು ಒಡದ್ರ ಜೀವಕ್ಕ ಅಪಾಯ. ರಾತ್ರಿ ಎಷ್ಟೇ ಆಗಿರಲಿ, ಮುಂಜಾನಿ ತನಕ ಕಾಯಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ನಮಸ್ಕಾರ.