ಮುರ ಉಂಟು ಎನ್ನುವ ಧೈರ್ಯ: ಹೊಸ ಬಡಾವಣೆಯ ಬೀದಿಗಳ ಕುರಿತು

ಹಿರಿಯರಿಗೆ, ಅಕ್ಕ-ಅಣ್ಣಂದಿರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನ ಬದಿಯಡ್ಕ, ಸೀತಾಂಗೋಳಿ ಕಡೆ ಸೈಟು ನೋಡಲು ಹೋದರೆ ಮೊದಲು ಕೇಳುವ ಮಾತು: "ಅಡಿಯಲ್ಲಿ ಮುರ ಉಂಟು ಸಾರ್, ರಸ್ತೆಗೆ ಏನೂ ಆಗುವುದಿಲ್ಲ." ಮುರ ಎಂದರೆ ಮುರಕಲ್ಲಿನ ಗಟ್ಟಿ ನೆಲ. ಆ "ಉಂಟು" ಎಂಬ ಪದದ ಮೇಲೆಯೇ ನನ್ನ ತಕರಾರು. ಮುರ ಇತ್ತು, ಜೆಸಿಬಿ ಬರುವ ತನಕ.

ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಕಂಡದ್ದನ್ನು 1807ರಲ್ಲಿ ಅಚ್ಚಾದ ಪ್ರವಾಸ ಕಥನದಲ್ಲಿ ಬರೆದ. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ನೆಲದೊಳಗೆ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಕಡಿಯಲು ಬರುತ್ತದೆ, ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುತ್ತದೆ ಎಂದು ಅವನು ಗಮನಿಸಿದ್ದ. ಕೋರೆಯಲ್ಲಿ ಕಲ್ಲು ಕಡಿದವರಿಗೆ ಇದು ಹೊಸ ಸುದ್ದಿಯೇನಲ್ಲ.

ಪದವಿನ, ಅಂದರೆ ಗುಡ್ಡೆಯ ಮೇಲಿನ ಬಯಲಿನ, ಮೇಲ್ಮೈಯ ಗಟ್ಟಿ ಹಾಸು ಕೆಲವೇ ಅಡಿ ದಪ್ಪವಿರಬಹುದು. ಇಳಿದಂತೆ ಮೆದುವಾಗುತ್ತದೆ. ಅದರಡಿ ಬಿಳಿ, ಹಳದಿ, ಕೆಲವೊಮ್ಮೆ ನಸುಗೆಂಪು ಬಣ್ಣದ ಶೇಡಿ ಮಣ್ಣು. ನೀರಿಗಾಗಿ ಸುರಂಗ ಕೊರೆಯುವವರು, ಬಾವಿ ತೋಡುವವರು ಅದನ್ನು ಚೆನ್ನಾಗಿ ಬಲ್ಲರು. ಒಣಗಿರುವಾಗ ಗೋಡೆಯಂತೆ ನಿಲ್ಲುತ್ತದೆ. ನೀರು ಹೊಕ್ಕರೆ ಶಕ್ತಿಯೆಲ್ಲ ಹೋಗಿ ಕೊಚ್ಚಿಕೊಂಡು ಹರಿಯುತ್ತದೆ.

ಬಡಾವಣೆ ಮಾಡುವಾಗ ಆಗುವುದೇನು? ಗುಡ್ಡೆ ಇಳಿಜಾರು, ಸೈಟುಗಳು ಸಮತಟ್ಟಾಗಬೇಕು. ಮೇಲಿನ ಕಡೆ ಕೆರೆದು ಕೆಳಗಿನ ಕಡೆಗೆ ತುಂಬಿಸುತ್ತಾರೆ. ಕೆರೆದದ್ದು ನಮ್ಮ ಅತ್ಯುತ್ತಮ ಪದರ! ಹೀಗೆ ಬೀದಿಯ ಮೇಲ್ತುದಿ ಬೆತ್ತಲಾದ ಶೇಡಿಯ ಮೇಲೆ ಕೂರುತ್ತದೆ, ಕೆಳತುದಿ ಸಡಿಲ ತುಂಬು ಮಣ್ಣಿನ ಮೇಲೆ. ನಡುವಿನ ಒಂದಷ್ಟು ಉದ್ದಕ್ಕೆ ಮಾತ್ರ ನಿಜವಾದ ಮುರ. ಇನ್ನೂರು ಮೀಟರಿನ ಬೀದಿಗೆ ಮೂರು ಬಗೆಯ ನೆಲ, ಎಸ್ಟಿಮೇಟಿನಲ್ಲಿ ಮಾತ್ರ ರಸ್ತೆಗೆ ಒಂದೇ ದಪ್ಪ.

ನೆಲದ ತಾಕತ್ತು ಅಳೆಯಲು ಎಂಜಿನಿಯರರು ಬಳಸುವುದು ಸಿ.ಬಿ.ಆರ್. (ಕ್ಯಾಲಿಫೋರ್ನಿಯಾ ಬೇರಿಂಗ್ ರೇಶಿಯೋ) ಪರೀಕ್ಷೆ. ಅಚ್ಚಿನೊಳಗೆ ಮಣ್ಣು ಬಡಿದು ಕೂರಿಸಿ, ನಾಲ್ಕು ದಿನ ನೀರಿನಲ್ಲಿ ನೆನೆಸಿ, 50 ಮಿ.ಮೀ. ವ್ಯಾಸದ ಉಕ್ಕಿನ ದಿಂಡನ್ನು ನಿಧಾನವಾಗಿ ಒತ್ತುತ್ತಾರೆ. ದಿಂಡು 2.5 ಮಿ.ಮೀ. ಇಳಿಯಲು ಒಳ್ಳೆಯ ಜಲ್ಲಿಗೆ 1370 ಕಿಲೋ ಭಾರ ಬೇಕು. ನಿಮ್ಮ ಮಣ್ಣಿಗೆ ಅದರಲ್ಲಿ ಶೇಕಡಾ ಎಷ್ಟು ಸಾಕಾಯಿತು ಎಂಬುದೇ ಲೆಕ್ಕ. ಕಡಿಮೆ ಸಂಚಾರದ ರಸ್ತೆಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿರುವ ಮಾರ್ಗಸೂಚಿಯ ಪ್ರಕಾರ 2 ಬಂದರೆ ತೀರಾ ಕಳಪೆ, 10ರಿಂದ 15 ಬಹಳ ಒಳ್ಳೆಯದು. ಮೂರು ನೆಲ ಕಂಡಲ್ಲಿ ಮೂರು ಕಡೆಯ ಮಣ್ಣು ಪರೀಕ್ಷೆಗೆ ಕೊಡಬೇಕು.

ನೆನೆಸುವ ಆ ನಾಲ್ಕು ದಿನವನ್ನು ಹಗುರವಾಗಿ ಕಾಣಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ಕಾಲನಿಯ ನೆಲವನ್ನು ಮಾರ್ಚಿನಲ್ಲಿ ನೋಡಿದೆ. ಪಿಕಾಸಿ ಹೊಡೆದರೆ ಟಣ್ ಎಂದಿತು. ಪರೀಕ್ಷೆ ಯಾಕೆ ಎಂದು ತೆಳು ಜಲ್ಲಿಯ ಮೇಲೆ ಟಾರು ಹಾಕಿಸಿದೆ. ಇಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಹೆಚ್ಚಿನದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳ ಮಳೆಗಾಲದಲ್ಲಿ ಹೋಗಿ ನೋಡಿದರೆ ಚಕ್ರದ ಜಾಡಿನುದ್ದಕ್ಕೂ ಬಿರುಕು, ಬಿರುಕಿನಿಂದ ಹಾಲಿನಂಥ ನೀರು ಉಕ್ಕುತ್ತಿತ್ತು. ಶೇಡಿ. ಸಹಿ ನನ್ನದೇ ಆದ್ದರಿಂದ ಬೇರೆಯವರನ್ನು ಬೈಯಲೂ ಆಗಲಿಲ್ಲ.

ಹಾಗಾದರೆ ಮಾಡುವುದೇನು? ಶೇಡಿ ಸಿಕ್ಕಲ್ಲಿ ಒಂದಡಿಯಾದರೂ ತೆಗೆದು ಒಳ್ಳೆಯ ಮುರಮಣ್ಣು ತುಂಬಿಸಿ. ದೂರದಿಂದ ತರಬೇಕಿಲ್ಲ. ನಿಮ್ಮದೇ ಜಾಗದಿಂದ ಕೆರೆದ ಗಟ್ಟಿ ಮೇಲ್ಪದರವನ್ನು ಮೂಲೆಯಲ್ಲಿ ರಾಶಿ ಹಾಕಿಸಿಟ್ಟರೆ ಸಾಕಿತ್ತು. ತುಂಬುವ ಕಡೆ ಅರ್ಧ ಅಡಿಗಿಂತ ದಪ್ಪ ಪದರ ಬೇಡ, ಪ್ರತಿ ಪದರಕ್ಕೂ ನೀರು ಹದವಾಗಿರಬೇಕು, ರೋಲರ್ ಓಡಬೇಕು. ಪ್ರತಿ ಮಣ್ಣಿಗೂ ಗಟ್ಟಿಯಾಗಿ ಕೂರಲು ಅದರದೇ ಒಂದು ನೀರಿನ ಹದವಿದೆ ಎಂದು ಪ್ರಾಕ್ಟರ್ ಎಂಬ ಎಂಜಿನಿಯರ್ 1933ರಲ್ಲೇ ತೋರಿಸಿಕೊಟ್ಟಿದ್ದ. ಲಾರಿಯಿಂದ ಸುರಿದು ಎರಡು ಮಳೆಗೆ ತಾನಾಗಿ ಕೂರಲಿ ಎಂದು ಬಿಡುವುದು ನಮ್ಮಲ್ಲಿನ ಕೆಟ್ಟ ಅಭ್ಯಾಸ.

ಕಡಲ ಬದಿಯ ಹೊಯ್ಗೆಯ, ಅಂದರೆ ಮರಳಿನ, ಕತೆ ಬೇರೆ. ನೀರು ಬೇಗ ಇಂಗುತ್ತದೆ, ಎರಡೂ ಅಂಚುಗಳನ್ನು ಜಾರದಂತೆ ಕಟ್ಟಿದರೆ ಅದು ಒಳ್ಳೆಯ ನೆಲವೇ.

"ನಮ್ಮ ಬೀದಿಯಲ್ಲಿ ನಾಲ್ಕು ಕಾರು, ಇಷ್ಟೆಲ್ಲ ಯಾಕೆ" ಎನ್ನುತ್ತೀರಿ. ಕಾರು ಲೆಕ್ಕಕ್ಕೇ ಇಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆ ಕಟ್ಟಿ, ಲಾರಿ ಓಡಿಸಿ ನೋಡಿದ ದೊಡ್ಡ ಪ್ರಯೋಗದಿಂದ ತಿಳಿದದ್ದು: ಗಾಡಿಯ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು ಹದಿನಾರು ಪಟ್ಟು. ನಿಮ್ಮ ಬೀದಿಗೆ ಅತಿ ಭಾರದ ಲಾರಿ ಬರುವುದು ನಿಮ್ಮ ಮನೆಗಳ ಕಲ್ಲು, ಜಲ್ಲಿ, ಸಿಮೆಂಟು ಹೊತ್ತುಕೊಂಡು, ಮೊದಲ ಮೂರು ನಾಲ್ಕು ವರ್ಷಗಳಲ್ಲಿ. ಆದ್ದರಿಂದ ಅಡಿಪದರ ಮತ್ತು ಚರಂಡಿ ಮೊದಲೇ ಆಗಲಿ. ಹೆಚ್ಚಿನ ಮನೆಗಳು ಎದ್ದು, ನೀರಿನ ಪೈಪಿಗೆ ಅಗೆಯುವುದು ಮುಗಿದ ಮೇಲೆ ಟಾರು ಹಾಕಿಸಿ. ಗೃಹಪ್ರವೇಶದ ದಿನ ರಸ್ತೆ ಕಪ್ಪಗೆ ಹೊಳೆಯಬೇಕೆಂಬ ಆಸೆ ನನಗೂ ಅರ್ಥವಾಗುತ್ತದೆ, ಆದರೂ.

ಚರಂಡಿಯನ್ನು ಬೀದಿಯ ಗುಡ್ಡೆ ಬದಿಗೆ ಮಾಡಿಸಿ, ರಸ್ತೆಯ ಅಡಿಪದರಕ್ಕಿಂತ ಆಳವಾಗಿ. ಮೇಲಿನ ಜಾಗದಿಂದ ಮಣ್ಣಿನೊಳಗೇ ಜಿನುಗಿ ಬರುವ ನೀರು ಬೀದಿಯಡಿ ನುಸುಳುವ ಮೊದಲೇ ಅದಕ್ಕೆ ಬೀಳಬೇಕು. ಅಲ್ಲಿಂದ ತೋಡಿಗೆ (ಹಳ್ಳಕ್ಕೆ) ದಾರಿ ಇರಬೇಕು, ಪಕ್ಕದವರ ಅಡಿಕೆ ತೋಟಕ್ಕಲ್ಲ.

ಯಾರೋ ಚೀಟಿ ಕೊಟ್ಟಿದ್ದಾರೆ: "ಇಂಟರ್‌ಲಾಕ್ ಹಾಕಿದರೆ ಈ ತಲೆನೋವು ಇಲ್ಲವಲ್ಲ?" ಇದೆ. ಅಡಿ ಕುಸಿದರೆ ಇಂಟರ್‌ಲಾಕೂ ಕುಸಿಯುತ್ತದೆ. ಆದರೆ ಕಲ್ಲು ಎಬ್ಬಿಸಿ, ಅಡಿ ಸರಿಮಾಡಿ ಅದೇ ಕಲ್ಲನ್ನು ಮತ್ತೆ ಜೋಡಿಸಬಹುದು. ತುಂಬು ಮಣ್ಣಿನ ಆ ಕೆಳತುದಿಗೆ ನಾನಾದರೆ ಅದನ್ನೇ ಹಾಕಿಸುತ್ತಿದ್ದೆ.